ಗದ್ದೆಗೆ ಇಳಿದಿದ್ದಳಾ?

ಕಾಪುವಿನ ಕಮಲಳ ಗಂಟಲು ಎಂಥದ್ದೆಂದರೆ, ಅವಳು ಶಿರ್ವದ ಪೇಟೆಯಲ್ಲಿ ಬಸ್ಸಿಳಿದು, ಮೀನಿನ ಬುಟ್ಟಿ ತಲೆಗೇರಿಸಿ, "ಬಂಗುಡೆ, ಬೂತಾಯಿ" ಎಂದು ಒಂದು ಸಲ ಕೂಗಿದರೆ ಇಗರ್ಜಿಯ ಆಚೆಯ ಮನೆಗಳ ಬೆಕ್ಕುಗಳೂ ಅಂಗಳಕ್ಕೆ ಬಂದು ಕೂರುತ್ತಿದ್ದವು. ಆ ಗಂಟಲಿನಿಂದಲೇ ಅವಳು ಸಂಸಾರ ನಡೆಸಿದಳು, ಊರಲ್ಲಿ ಹೆಸರು ಮಾಡಿದಳು. ಕೊನೆಗೆ ಅದೇ ಗಂಟಲಿನಿಂದ ಹೊರಟ ಒಂದು ಸಣ್ಣ ಮಾತಿಗಾಗಿ ಜನರ ಮುಖ ನೋಡಲಾರದವಳಾದಳು.

ಹೆಸರು ಮಾಡಿದ ಕಥೆ ಮೊದಲು. ಕಾರ್ಖಾನೆಯೊಂದು ತನ್ನ ಕೊಳೆನೀರಿನ ಪೈಪನ್ನು ಸಮುದ್ರಕ್ಕೆ ಬಿಟ್ಟ ವರ್ಷ, ಮೀನು ಮಾರುವ ಹೆಂಗಸರು ಹೆದ್ದಾರಿಯಲ್ಲಿ ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕೂತಿದ್ದರು. ತೀರದ ಬಾವಿಗಳ ನೀರು ನಾರುತ್ತಿತ್ತು. ಅಧಿಕಾರಿಯೊಬ್ಬ ಜೀಪಿನಿಂದಿಳಿದು ಬಾಟಲಿ ಎತ್ತಿ ತೋರಿಸಿ, "ಪರೀಕ್ಷೆ ಆಗಿದೆ, ಈ ನೀರಿನಲ್ಲಿ ಏನೂ ದೋಷ ಇಲ್ಲ" ಎಂದ. ಕಮಲ ಎದ್ದು ಅವನ ಮುಂದೆ ನಿಂತಳು. "ಹಾಗಾದ್ರೆ ಒಂದು ಗುಟುಕು ಕುಡಿದು ತೋರಿಸಿ ಸ್ವಾಮಿ." ಅವನು ಕುಡಿಯಲಿಲ್ಲ. ಬಾಟಲಿಯನ್ನು ಜೀಪಿನೊಳಗೆ ಇಟ್ಟು, ಕರ್ಚೀಫಿನಿಂದ ಕೈ ಒರೆಸಿಕೊಂಡ. ಕೈ ಒರೆಸಿಕೊಂಡದ್ದನ್ನು ಕಂಡು ಹೆಂಗಸರು ಹಾಕಿದ ಬೊಬ್ಬೆ ಕಟಪಾಡಿಯವರೆಗೆ ಕೇಳಿತು ಎನ್ನುತ್ತಾರೆ.

ಆವತ್ತು ನ್ಯಾಯ ಅವಳ ಕಡೆಗಿತ್ತು. ಆದರೆ ಅಂದಿನಿಂದ ಅವಳಿಗೊಂದು ಚಾಳಿ ಅಂಟಿಕೊಂಡಿತು. ಸರಕಾರದ ಮೊಹರು ಇದ್ದದ್ದೆಲ್ಲ ಸುಳ್ಳು, ಬಿಳಿ ಕೋಟು ಹಾಕಿದವರೆಲ್ಲ ಕಂಪೆನಿಯ ಜನ. ಚಳವಳಿಯಲ್ಲಿ ಒಮ್ಮೆ ಗೆದ್ದವರಲ್ಲಿ ಕೆಲವರಿಗೆ ಹೀಗಾಗುವುದುಂಟು. ಅನುಮಾನ ಪಡುವುದೇ ಬುದ್ಧಿವಂತಿಕೆ ಎಂದುಕೊಂಡುಬಿಡುತ್ತಾರೆ. ತಮ್ಮ ಮೇಲೆ ಮಾತ್ರ ಅನುಮಾನ ಪಡುವುದಿಲ್ಲ.

ಮೊಣಕಾಲು ಸವೆದು ಬುಟ್ಟಿ ಹೊರಲಾಗದೆ ಹೋದ ಮೇಲೆ ಕಮಲ ಮಣಿಪಾಲದಲ್ಲಿ ಹುಡುಗಿಯರ ಪೀಜಿಯೊಂದಕ್ಕೆ ಅಡುಗೆಗೆ ಸೇರಿದಳು. ಒಡತಿ ಸುಭಾಷಿಣಿ ಮೇಡಂ ಉಡುಪಿಯಲ್ಲಿದ್ದರು, ವಾರಕ್ಕೊಮ್ಮೆ ಬಂದು ನಲ್ಲಿಗಳನ್ನು ತಿರುಗಿಸಿ ನೋಡಿ ಹೋಗುತ್ತಿದ್ದರು. ಉಳಿದದ್ದೆಲ್ಲ ಕಮಲಳದೇ ಕಾರುಬಾರು. ಯಾವ ರಾಜ್ಯದಿಂದಲೋ ಬಂದ ಹುಡುಗಿಯರು ಪರೀಕ್ಷೆಯೆಂದು ಊಟ ಬಿಟ್ಟರೆ ತಟ್ಟೆ ಹಿಡಿದುಕೊಂಡು ಕೋಣೆಗೇ ಹೋಗಿ ಬೈಯುತ್ತಿದ್ದಳು. "ನಿನ್ನ ಪುಸ್ತಕಕ್ಕೆ ಹೊಟ್ಟೆ ಇಲ್ಲ, ನಿನಗೆ ಉಂಟು. ತಿನ್ನು." ಹುಡುಗಿಯರಿಗೆ ಅವಳೆಂದರೆ ಜೀವ. ನೆಗಡಿಗೆ, ಮುಟ್ಟಿನ ಹೊಟ್ಟೆನೋವಿಗೆ, ಮನೆಯ ನೆನಪಿಗೆ, ಎಲ್ಲದಕ್ಕೂ ಕಮಲಕ್ಕನ ಕಷಾಯ.

ಅವರಲ್ಲಿ ಲೊರ್ನಾ ಬೇರೆಯೇ. ಶಿರ್ವದ ರೇಮಂಡ್ ಪರ್ಬುಗಳ ಮಗಳು. ಆ ಮನೆಗೆ ಕಮಲ ಮೀನು ಕೊಡುತ್ತಿದ್ದ ಕಾಲದಲ್ಲಿ ಲೊರ್ನಾ ಅಂಬೆಗಾಲಿಡುತ್ತ ಬಂದು ಬುಟ್ಟಿಯೊಳಗಿನ ಏಡಿಗೆ ಬೆರಳು ಕೊಟ್ಟು ಊರು ಸೇರಿಸುವ ಹಾಗೆ ಅತ್ತದ್ದುಂಟು. ತಂದೆ ತಾಯಿ ಇಬ್ಬರೂ ಕುವೈತಿನಲ್ಲಿ. ಮಗಳು ಮಣಿಪಾಲದಲ್ಲಿ ಡಿಗ್ರಿಗೆ ಸೇರಿದಾಗ ತಾಯಿ ಜೆಸಿಂತಾ ಹಾಸ್ಟೆಲನ್ನು ನೋಡಲೇ ಇಲ್ಲ, ಸೀದಾ ಈ ಪೀಜಿಗೆ ಬಂದು, "ಇವಳನ್ನು ನಿಮ್ಮ ಕೈಗೆ ಹಾಕ್ತಾ ಇದ್ದೇನೆ ಕಮಲಕ್ಕ" ಎಂದರು. ಕಾಲೇಜಿನಲ್ಲಿ ಲೋಕಲ್ ಗಾರ್ಡಿಯನ್ ಎಂದು ಕಮಲಳ ಹೆಸರನ್ನೇ ಕೊಟ್ಟರು.

ಮಳೆಗಾಲದಲ್ಲಿ ಕಟಪಾಡಿಯ ಒಳಗೆ ಯುವಕ ಮಂಡಲದವರು ಕೆಸರುಗದ್ದೆ ಆಟ ಇಟ್ಟರು. ಈಗೀಗ ಊರೂರಲ್ಲೂ ಇದೇ. ನಾಟಿ ಮಾಡುವವರು ಕಡಿಮೆಯಾದಷ್ಟೂ ಕೆಸರಿನಲ್ಲಿ ಓಡುವವರು ಜಾಸ್ತಿ. ಹಗ್ಗಜಗ್ಗಾಟ, ಓಟ, ಮಧ್ಯಾಹ್ನಕ್ಕೆ ಗಂಜಿ ಮತ್ತು ಹುರುಳಿ ಚಟ್ನಿ. ಗದ್ದೆ ಕಮಲಳ ಅಣ್ಣನ ಮನೆಯ ಪಕ್ಕದ್ದೇ. "ಮೊಬೈಲ್ ಒತ್ತಿ ಒತ್ತಿ ಬೆರಳು ಸವೆಯಿತು ನಿಮ್ಮದು. ಒಂದು ದಿನ ಮಣ್ಣು ಮೆಟ್ಟಿ" ಎಂದು ಹುಡುಗಿಯರನ್ನು ಹೊರಡಿಸಿದವಳು ಅವಳೇ.

ಹೊರಡುವ ಹಿಂದಿನ ದಿನ ಅಣ್ಣನ ಮಗಳು ಶರ್ಮಿಳಾ ಬಂದಿದ್ದಳು. ಅವಳು ಆಶಾ ಕಾರ್ಯಕರ್ತೆ. ಚೀಲದಿಂದ ಮಾತ್ರೆ ತೆಗೆದು ಕೈಯಲ್ಲಿಟ್ಟಳು.

"ಅತ್ತೆ, ಗದ್ದೆಗೆ ಇಳಿಯುವ ಮಕ್ಕಳಿಗೆ ಇದನ್ನು ಊಟ ಆದ ಮೇಲೆ ಕೊಡಿ. ಇಲಿಜ್ವರ ಬಾರದ ಹಾಗೆ."

"ಇಲಿಗೆ ಜ್ವರ ಬಂದ್ರೆ ಇಲಿಗೆ ಕೊಡು ಮಾರಾಯ್ತಿ, ಮಕ್ಕಳಿಗೆ ಯಾಕೆ?"

"ತಮಾಷೆ ಅಲ್ಲ. ಇಲಿ ಮೂತ್ರ ಮಾಡಿದ ನೀರು ಗದ್ದೆಯಲ್ಲಿ ಇರ್ತದೆ. ಕಾಲಲ್ಲಿ ಗಾಯ ಇದ್ರೆ ಅದರಿಂದ ಒಳಗೆ ಹೋಗ್ತದೆ. ಮತ್ತೆ ಜ್ವರ ಬಂದ್ರೆ ತಡ ಮಾಡ್ಬೇಡಿ, ಗದ್ದೆಗೆ ಇಳಿದಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ."

"ನಾವು ಹುಟ್ಟಿದ್ದೇ ಕೆಸರಲ್ಲಿ. ಆಗ ಇಲಿ ಇರ್ಲಿಲ್ವಾ? ನಿನಗೆ ಮೇಲಿನವರು ಇಷ್ಟು ಮಾತ್ರೆ ಖರ್ಚು ಮಾಡು ಅಂತ ಟಾರ್ಗೆಟ್ ಕೊಟ್ಟಿರ್ಬೇಕು."

ಶರ್ಮಿಳಾ ಮುಖ ಊದಿಸಿಕೊಂಡು ಹೋದಳು. ಮಾತ್ರೆಗಳು ಅಡುಗೆಮನೆಯ ಕಿಟಕಿಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಉಳಿದವು. ಕಮಲ ಅವುಗಳ ಸುದ್ದಿಯನ್ನೇ ಎತ್ತಲಿಲ್ಲ.

ಗದ್ದೆಯಲ್ಲಿ ಲೊರ್ನಾಳ ಹಿಮ್ಮಡಿಗೆ ಚಿಪ್ಪೋ ಗಾಜೋ ತಾಗಿ ಕೊಯ್ದಿತು. ಅವಳು ಕುಂಟುತ್ತಲೇ ಓಡಿ, ಬಿದ್ದು, ಕೆಸರು ಮುಕ್ಕಿ, ನಕ್ಕಳು. ಕಮಲ ದಂಡೆಯಲ್ಲಿ ನಿಂತು ಶಿಳ್ಳೆ ಹಾಕಿದಳು. ಮನೆಗೆ ಬಂದು ಗಾಯಕ್ಕೆ ಅರಸಿನ ಮೆತ್ತಿದಳು.

ಆಮೇಲೆ ಸ್ವಲ್ಪ ದಿನ ಏನೂ ಇಲ್ಲ. ಕಾಲೇಜಿನ ಇಂಟರ್ನಲ್ ಪರೀಕ್ಷೆ ಹತ್ತಿರ ಬಂತು. ಆಗ ಲೊರ್ನಾಳಿಗೆ ಜ್ವರ ಹತ್ತಿತು. ತಲೆ ಸಿಡಿಯುತ್ತದೆ ಎಂದಳು, ಕಣ್ಣು ಕೆಂಪಾಗಿತ್ತು. ಮೆಟ್ಟಿಲು ಇಳಿಯುವಾಗ ಎರಡೂ ಮೀನಖಂಡಗಳನ್ನು ಹಿಡಿದುಕೊಂಡು, "ಯಾರೋ ಹಿಂಡಿದ ಹಾಗೆ ಆಗ್ತದೆ ಅಕ್ಕ" ಎಂದಳು. ಕಮಲ ಕಾಳುಮೆಣಸಿನ ಕಷಾಯ ಕೊಟ್ಟಳು. ಮತ್ತೆರಡು ದಿನಕ್ಕೆ ಕಣ್ಣಿನ ಬಿಳಿ ಹಳದಿಗೆ ತಿರುಗಿತು.

"ಅಕ್ಕ, ಆಸ್ಪತ್ರೆಗೆ ಹೋಗಿ ರಕ್ತ ಟೆಸ್ಟ್ ಮಾಡಿಸ್ತೇನೆ. ಇಲ್ಲೇ ಉಂಟಲ್ವಾ, ಆಟೋದಲ್ಲಿ ಹೋದ್ರೆ ಆಯ್ತು" ಎಂದಳು ಲೊರ್ನಾ.

"ಎಂತ ಮಣ್ಣು ಟೆಸ್ಟ್! ಕಣ್ಣು ನೋಡಿದ್ರೆ ಗೊತ್ತಾಗುದಿಲ್ವಾ, ಇದು ಕಾಮಾಲೆ. ಕಾಮಾಲೆಗೆ ಇಂಗ್ಲಿಷ್ ಮದ್ದು ಇಲ್ಲ ಮಗಾ. ಸುಮ್ಮನೆ ಮಲಗಿಸಿ ಗ್ಲೂಕೋಸ್ ಏರಿಸ್ತಾರೆ. ನಿನ್ನ ಪರೀಕ್ಷೆಯೂ ಹೋಯ್ತು. ಕಾರ್ಕಳದ ಆಚೆ ಪಂಡಿತರು ಇದ್ದಾರೆ. ನಿನ್ನ ಅಜ್ಜಿಗೂ ಅವರದ್ದೇ ಮದ್ದು ಆದದ್ದು."

ಈ ಸೀಮೆಯಲ್ಲಿ ಕಣ್ಣು ಹಳದಿಯಾದರೆ ಜಾತಿ ಮತ ಬಿಟ್ಟು ಎಲ್ಲರೂ ಮಾಡುವುದು ಇದನ್ನೇ. ಮೆಡಿಕಲ್ ಕಾಲೇಜಿನ ಗೇಟಿನೆದುರು ನಿಂತು ನಾಟಿ ಮದ್ದಿಗೆ ಬಸ್ಸು ಹತ್ತುವ ಜನ ನಾವು. ಹಾಗಾಗಿ ಲೊರ್ನಾಳಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಅವಳ ಕೋಣೆಯ ಜೊತೆಗಾರ್ತಿ ಕಾರ್ಕಳದ ವಿಭಾ ಶನಿವಾರ ಮಧ್ಯಾಹ್ನವೇ ತನ್ನ ಮನೆಗೆ ಹೋಗಿದ್ದಳು. ಬೇಡ ಎನ್ನುವವರು ಯಾರೂ ಇರಲಿಲ್ಲ. ಭಾನುವಾರ ಬೆಳಗ್ಗೆ ಸುರಿಯುವ ಮಳೆಯಲ್ಲಿ ಇಬ್ಬರೂ ಕಾರ್ಕಳದ ಬಸ್ಸು ಹತ್ತಿದರು. ಹಿರಿಯಡಕ ದಾಟುವಷ್ಟರಲ್ಲಿ ಲೊರ್ನಾ ಎರಡು ಸಲ ಕಿಟಕಿಯಿಂದ ಹೊರಗೆ ವಾಂತಿ ಮಾಡಿದಳು.

ಅನಂತಪದ್ಮನಾಭ ಪಂಡಿತರ ಜಗಲಿಯಲ್ಲಿ ಜನ ಸಾಲಾಗಿ ಕೂತಿದ್ದರು. ಲೊರ್ನಾ ಮೂಲೆಯ ಬೆಂಚಿನಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ಕಮಲಳ ಮುಂದಿದ್ದ ಹೆಂಗಸು ಮಾತಿನ ಮಲ್ಲಿ.

"ನೀವು ದೂರದಿಂದ ಬಂದದ್ದಾ? ಸ್ವಲ್ಪ ನೋಡಿಕೊಂಡು ಮಾತಾಡಿ. ಪಂಡಿತರು ಈಗ ಮೊದಲಿನ ಹಾಗೆ ಅಲ್ಲ. ಗದ್ದೆಗೆ ಇಳಿದವರು ಅಂತ ಗೊತ್ತಾದ್ರೆ ಮದ್ದೇ ಕೊಡುದಿಲ್ಲ. ಈಗಷ್ಟೇ ಒಬ್ಬ ಅಜ್ಜನನ್ನು ಬರಿಗೈಯಲ್ಲಿ ಓಡಿಸಿದರು, ಸೀದಾ ಆಸ್ಪತ್ರೆಗೆ ಹೋಗು ಅಂತ. ಪಾಪ, ಬೆಳ್ಮಣ್ಣಿಂದ ಬಂದಿದ್ದರಂತೆ."

ಕಮಲ ಕೇಳಿಸಿಕೊಂಡಳು. ಸರದಿ ಬಂತು. ಪಂಡಿತರು ತೆಳ್ಳಗಿನ ಮನುಷ್ಯ, ಮೆಲುದನಿ. ಬೆಂಚಿನ ಹತ್ತಿರ ಬಂದು ಲೊರ್ನಾಳ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಹಿಂದೆ ಸರಿದರು.

"ಹಳದಿಯೊಟ್ಟಿಗೆ ಕೆಂಪೂ ಉಂಟಲ್ಲ. ಜ್ವರ ಜೋರು ಉಂಟಾ?"

"ಸ್ವಲ್ಪ ಇತ್ತು. ಈಗ ಕಡಿಮೆ" ಎಂದಳು ಕಮಲ.

"ಗದ್ದೆಗೆ ಇಳಿದಿದ್ದಳಾ? ಕೆಸರಲ್ಲಿ ಆಡಿದ್ದು, ನೆರೆನೀರಿಗೆ ಕಾಲು ಹಾಕಿದ್ದು?"

ಇಷ್ಟು ದೂರ ಮಳೆಯಲ್ಲಿ ಬಂದದ್ದು ಕಮಲಳ ತಲೆಗೆ ಬಂತು. ಬರಿಗೈಯಲ್ಲಿ ವಾಪಸು ಹೋಗಿ, ಆಸ್ಪತ್ರೆ ಬೇಡ ಎಂದ ಅದೇ ಬಾಯಿಯಿಂದ ನಡಿ ಆಸ್ಪತ್ರೆಗೆ ಎನ್ನಬೇಕಾದ ನಾಚಿಕೆಯೂ ಬಂತು. ಗದ್ದೆಗೆ ಇಳಿಸಿದವಳು ತಾನೇ ಎನ್ನುವುದೂ. ಇದೆಲ್ಲ ಎಣಿಸಿ ನೋಡಿ ಆಡಿದ ಮಾತಲ್ಲ. ಆದರೆ ತಿಳಿಯದೆ ಆಡಿದ್ದೂ ಅಲ್ಲ.

"ಇಲ್ಲ" ಎಂದಳು. "ಇವಳು ಪೇಟೆಯ ಹುಡುಗಿ. ಕಾಲೇಜು ಬಿಟ್ಟರೆ ರೂಮು."

ಪಂಡಿತರು ಇನ್ನೊಮ್ಮೆ ಲೊರ್ನಾಳ ಮುಖ ನೋಡಿದರು. ಅವಳು ಕಣ್ಣು ತೆರೆಯಲಿಲ್ಲ. ಒಳಗೆ ಹೋಗಿ ಬಾಳೆಲೆಯಲ್ಲಿ ಕಟ್ಟಿದ ಹಸುರು ಉಂಡೆಗಳನ್ನು ತಂದುಕೊಟ್ಟರು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಜ್ಜಿಗೆಯಲ್ಲಿ ಕದಡಿ ಕುಡಿಸಬೇಕು. ಮೀನು, ಎಣ್ಣೆ, ಖಾರ ಮುಟ್ಟಬಾರದು. "ಎರಡು ದಿನದಲ್ಲಿ ಕಡಿಮೆ ಆಗದಿದ್ರೆ ಇಲ್ಲಿಗೆ ಬರ್ಬೇಡಿ, ಆಸ್ಪತ್ರೆಗೆ ಹೋಗಿ" ಎಂದು ಬಾಗಿಲವರೆಗೆ ಬಂದು ಹೇಳಿದರು.

ಅಂದು ಸಂಜೆ ಕುವೈತಿನಿಂದ ಜೆಸಿಂತಾ ಫೋನು ಮಾಡಿದಾಗ ಕಮಲ, "ಗುಣ ಉಂಟು ಬಾಯಮ್ಮ, ಮದ್ದು ಸುರು ಮಾಡಿದ್ದೇವೆ" ಎಂದಳು. ಗುಣ ಎಲ್ಲಿತ್ತು? ಸೋಮವಾರ ಲೊರ್ನಾ ಕುಡಿದದ್ದನ್ನೆಲ್ಲ ಕಕ್ಕಿದಳು. ಮಂಗಳವಾರ ಬೆಳಗ್ಗೆ ಅವಳ ಮುಖ ಊದಿಕೊಂಡಿತ್ತು. "ಅಕ್ಕ, ನಿನ್ನೆಯಿಂದ ನನಗೆ ಮೂತ್ರವೇ ಹೋಗಲಿಲ್ಲ" ಎಂದಳು. ಕಮಲ ಎಳನೀರು ತರಲು ಅಂಗಡಿಗೆ ಓಡಿದಳು. ಅವಳು ತಿರುಗಿ ಬರುವಷ್ಟರಲ್ಲಿ, ಪರೀಕ್ಷೆಗೆಂದು ಊರಿಂದ ಬಂದ ವಿಭಾ ಆಟೋ ತರಿಸಿ ಲೊರ್ನಾಳನ್ನು ಎತ್ತಿ ಕೂರಿಸಿ ಆಗಿತ್ತು.

"ಎಳನೀರು ಸಾಕು ಕಮಲಕ್ಕ, ಹತ್ತಿ ಮೊದಲು!" ಎಂದು ವಿಭಾ ಕಿರುಚಿದಳು. "ಕಾರ್ಕಳದವರೆಗೆ ಇವಳನ್ನು ಕರ್ಕೊಂಡು ಬಂದಿದ್ದೀರಂತೆ. ನನ್ನ ಮನೆ ಬಾಗಿಲಿಗೆ ಬಂದು ನನಗೊಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ದೊಡ್ಡಾಸ್ಪತ್ರೆಯಲ್ಲಿ ಲೊರ್ನಾಳನ್ನು ಗಾಲಿಮಂಚದ ಮೇಲೆ ಒಳಗೆ ಕೊಂಡುಹೋದರು. ಇಲಿಜ್ವರ ಇರಬಹುದು, ಕಿಡ್ನಿ ಕೆಲಸ ನಿಲ್ಲಿಸಿದೆ, ಯಂತ್ರ ಹಾಕಿ ರಕ್ತ ಶುದ್ಧ ಮಾಡಬೇಕು ಎಂದರು. ವಿಭಾ ಫಾರ್ಮಸಿಯ ಕಡೆಗೆ ಓಡಿದ್ದಳು. ವಿನೀತ್ ಎನ್ನುವ ಯುವಕ ಡಾಕ್ಟರು ಹೊರಗೆ ಬಂದು ಕಮಲಳನ್ನು ಕೇಳಿದರು. "ಅಮ್ಮ, ಹುಡುಗಿಗೆ ಬೇರೆ ಎಂತದಾದ್ರೂ ಮದ್ದು ಕೊಟ್ಟಿದ್ದೀರಾ? ಸೊಪ್ಪು, ಬೇರು, ಕಷಾಯ? ನಿಜ ಹೇಳಿ, ಕೆಲವು ಸೊಪ್ಪು ಕಿಡ್ನಿಗೆ ಒಳ್ಳೆಯದಲ್ಲ."

"ಎಂತದೂ ಇಲ್ಲ" ಎಂದಿತು ಕಮಲಳ ಬಾಯಿ.

ಡಾಕ್ಟರು ಒಳಗೆ ಹೋದರು. ಕಮಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಎದುರಿನ ಗೋಡೆಯಲ್ಲಿ ಮಗುವಿಗೆ ಹಾಲೂಡುವ ತಾಯಿಯ ಚಿತ್ರವಿತ್ತು. ಅದನ್ನು ನೋಡಲಾಗದೆ ನೆಲ ನೋಡಿದಳು. ಎರಡನೇ ಸಲ. ಇದೇ ಬಾಯಿ, ಅದೇ ಮಾತು. ಹೆದ್ದಾರಿಯಲ್ಲಿ ಆ ಬಾಟಲಿ ಹಿಡಿದು ನಿಂತವನಿಗೂ ತನಗೂ ಈಗ ಎಂತ ವ್ಯತ್ಯಾಸ? ಅವನು ಸಂಬಳಕ್ಕೆ ಸುಳ್ಳು ಹೇಳಿದ. ತಾನು ಎಂತದಕ್ಕೆ? ಅವಳು ಎದ್ದಳು. ಒಳಗೆ ಬಿಡದ ನರ್ಸಿನ ತೋಳಿನಡಿಯಿಂದ ತಲೆ ತೂರಿಸಿ, "ಡಾಕ್ಟ್ರೇ, ಕೊಟ್ಟಿದ್ದೇನೆ. ಕಾಮಾಲೆ ಮದ್ದು. ಗದ್ದೆಗೂ ಇಳಿದಿದ್ದಳು. ಹಿಮ್ಮಡಿಯಲ್ಲಿ ಗಾಯ ಉಂಟು, ನೋಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ವಿನೀತ್ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. "ಯಾವ ಸೊಪ್ಪು?" ಎಂದರು.

"ಗೊತ್ತಿಲ್ಲ. ಅವರು ಯಾರಿಗೂ ಹೇಳುದಿಲ್ಲ. ಹೇಳಿದ್ರೆ ಮದ್ದಿನ ಗುಣ ಹೋಗ್ತದೆ ಅಂತ."

"ಫೋನ್ ಹಾಕಿ ಕೊಡಿ."

ಇಲಿಜ್ವರವಂತೆ ಎಂದು ಕಮಲ ಫೋನಿನಲ್ಲಿ ಹೇಳಿದಾಗ ಪಂಡಿತರ ಮೊದಲ ಮಾತು ಅವಳಿಗೇ ಸಿಕ್ಕಿತು. "ಗದ್ದೆಗೆ ಇಳಿಯಲಿಲ್ಲ ಅಂದಿರಲ್ಲ ಅಮ್ಮ?" ಎಂದರು, ಅಷ್ಟೇ. ಅವಳು ಫೋನನ್ನು ಡಾಕ್ಟರಿಗೆ ಕೊಟ್ಟಳು. ಅಜ್ಜನಿಂದ ತಂದೆಗೆ, ತಂದೆಯಿಂದ ತನಗೆ ಬಂದ ಗುಟ್ಟನ್ನು, ಹೆಂಡತಿಗೂ ಹೇಳದ್ದನ್ನು, ಆ ಮನುಷ್ಯ ಒಂದೊಂದೇ ಸೊಪ್ಪಿನ ಹೆಸರು ಹಿಡಿದು ಅಪರಿಚಿತ ಡಾಕ್ಟರಿಗೆ ಹೇಳಿ ಮುಗಿಸಿದರು. ಕಮಲ ಪಕ್ಕದಲ್ಲೇ ನಿಂತಿದ್ದಳು.

ರೇಮಂಡ್, ಜೆಸಿಂತಾ ಇಬ್ಬರೂ ಸಿಕ್ಕಿದ ವಿಮಾನ ಹತ್ತಿ ಬಂದರು. ಲೊರ್ನಾ ಅಷ್ಟರಲ್ಲಿ ಬದುಕುತ್ತಾಳೆ ಎಂದು ಹೇಳುವ ಹಂತಕ್ಕೆ ಬಂದಿದ್ದಳು. ಜೆಸಿಂತಾ ವಾರ್ಡಿನ ಬಾಗಿಲಲ್ಲಿ ಕಮಲಳನ್ನು ತಬ್ಬಿಕೊಂಡು ಅತ್ತರು. ನಾಟಿ ಮದ್ದಿನ ವಿಷಯ ವಿಭಾ ಹೇಳಿದ್ದಳು. ಆದರೆ ಆ ತಾಯಿ ಅದಕ್ಕೆ ಕಮಲಳ ಮೇಲೆ ಸಿಟ್ಟಾಗಲೇ ಇಲ್ಲ. "ಕಣ್ಣು ಹಳದಿ ಕಂಡ್ರೆ ನಾನು ಇದ್ದಿದ್ರೂ ಅಲ್ಲಿಗೇ ಕರ್ಕೊಂಡು ಹೋಗ್ತಿದ್ದೆ. ನಿಮ್ಮದೆಂತ ತಪ್ಪು?" ಎಂದರು. ಶಿರ್ವದಿಂದ ನೋಡಲು ಬಂದವರೆಲ್ಲ ಕಮಲಳನ್ನು ಹೊಗಳಿದರು. ಹೆತ್ತವಳೂ ಹೀಗೆ ಕಾಯುವುದಿಲ್ಲ ಎಂದರು. ಒಬ್ಬಾಕೆ ಅವಳಿಗೆಂದೇ ಫ್ಲಾಸ್ಕಿನಲ್ಲಿ ಕಾಫಿ ತಂದರು. ಕಮಲ ಆ ಕಾಫಿಯನ್ನು ಮರೆಯಲ್ಲಿ ಸಿಂಕಿಗೆ ಚೆಲ್ಲಿದಳು.

ಎಲ್ಲರ ಸಿಟ್ಟು ಹೋಗಿ ನಿಂತದ್ದು ಪಂಡಿತರ ಮೇಲೆ.

"ಇಲಿಜ್ವರ ಬಂದವಳಿಗೆ ಸೊಪ್ಪು ಅರೆದು ಕೊಟ್ಟಿದ್ದಾನೆ. ಕೇಳ್ಲಿಕ್ಕಿಲ್ಲ, ಹೇಳ್ಲಿಕ್ಕಿಲ್ಲ! ಇವನನ್ನು ಒಳಗೆ ಹಾಕಿಸದೆ ನಾನು ಕುವೈತಿಗೆ ಹೋಗುದಿಲ್ಲ" ಎಂದರು ರೇಮಂಡ್. ಅವರ ತಮ್ಮನ ಮಗ ವಿಕಾಸ್ ಫೋನಿನಲ್ಲಿ ಹುಡುಗರನ್ನು ಒಟ್ಟು ಮಾಡುತ್ತಿದ್ದ. ಮೊದಲು ಕಾರ್ಕಳದ ಠಾಣೆ, ಆಮೇಲೆ ಪಂಡಿತರ ಜಗಲಿ. "ಎಷ್ಟು ಜನರನ್ನು ಹೀಗೆ ಕೊಂದಿದ್ದಾನೋ ಮಾರಾಯ" ಎಂದು ಕಾರಿಡಾರಿನಲ್ಲೇ ಕೂಗಿದ.

ರೇಮಂಡ್ ಕಮಲಳ ಕಡೆಗೆ ತಿರುಗಿದರು. "ನಾಳೆ ನೀವು ಬರ್ಬೇಕು ಕಮಲಕ್ಕ. ಹತ್ತಿರ ನಿಂತು ನೋಡಿದವರು ನೀವೊಬ್ಬರೇ. ಹೋರಾಟ ಮಾಡಿದವರು, ಪೊಲೀಸರ ಹತ್ತಿರ ಹೇಗೆ ಮಾತಾಡ್ಬೇಕು ಅಂತ ನಿಮಗೆ ನಾವು ಹೇಳಿಕೊಡ್ಬೇಕಾ? ಅವನು ಒಂದು ಪ್ರಶ್ನೆಯೂ ಕೇಳದೆ ಮದ್ದು ಕೊಟ್ಟ ಅಂತ ಹೇಳಿ, ಸಾಕು."

"ಆಯ್ತು" ಎಂದಳು ಕಮಲ. ಹಾಗೆಂದದ್ದಕ್ಕೆ ತನ್ನ ಮೇಲೇ ಅವಳಿಗೆ ಹೇಸಿಗೆ ಹುಟ್ಟಿತು. ಆದರೂ ಅಂದಳು.

ಆ ಸಂಜೆ ಜೆಸಿಂತಾ ಸ್ನಾನಕ್ಕೆಂದು ಹೋದಾಗ ಕಮಲ ಲೊರ್ನಾಳ ಹತ್ತಿರ ಕೂತಳು. ಹುಡುಗಿಯ ತೋಳು ಕಡ್ಡಿಯ ಹಾಗಾಗಿತ್ತು. ಕುತ್ತಿಗೆಯ ಪಕ್ಕದಲ್ಲಿ ಯಂತ್ರದ ಕೊಳವೆ ತೂರಿಸಿದ ಪಟ್ಟಿ.

"ಪಪ್ಪ ನಾಳೆ ಪೊಲೀಸರ ಹತ್ತಿರ ಹೋಗ್ತಾರಂತೆ" ಎಂದಳು ಲೊರ್ನಾ.

"ಹೌದಂತೆ."

"ಪಂಡಿತರು ಕೇಳಿದ್ರಲ್ವಾ ಅಕ್ಕ? ಗದ್ದೆ ಅಂತ?"

ಕಮಲ ಅವಳ ಹೊದಿಕೆಯನ್ನು ಎಳೆದು ಸರಿ ಮಾಡಿದಳು. ಅದು ಸರಿಯಾಗಿಯೇ ಇತ್ತು.

"ನನಗೆ ಕೇಳಿತ್ತು" ಎಂದಳು ಹುಡುಗಿ. "ನೀವು ಇಲ್ಲ ಅಂದದ್ದೂ ಕೇಳಿತ್ತು. ಕಮಲಕ್ಕ ಹಾಗೆ ಹೇಳಿದ್ರೆ ಏನಾದ್ರೂ ಕಾರಣ ಇರ್ಬೇಕು ಅಂತ ಸುಮ್ಮನಿದ್ದೆ. ಕಣ್ಣು ತೆರೀಲಿಕ್ಕೂ ಆಗ್ತಿರ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ ಅಲ್ವಾ, ನನ್ನದೂ ತಪ್ಪು ಉಂಟು. ಪಪ್ಪನ ಹತ್ತಿರ ನಾನೇ ಹೇಳ್ತೇನೆ ಬೇಕಾದ್ರೆ, ಪರೀಕ್ಷೆಗೆ ಹೆದರಿ ನಾನೇ ಅಕ್ಕನಿಗೆ ಸುಳ್ಳು ಹೇಳ್ಲಿಕ್ಕೆ ಹೇಳಿದ್ದು ಅಂತ."

"ನಿನಗೆ ಜ್ವರ ಇತ್ತು ಮಗಾ" ಎಂದಳು ಕಮಲ. "ನನಗೆ ಇರ್ಲಿಲ್ಲ."

ಹುಡುಗಿ ತನಗಾಗಿ ಸುಳ್ಳು ಹೇಳಲು ತಯಾರಾಗಿ ಮಲಗಿದ್ದಾಳೆ. ಅದನ್ನು ಕಲಿಸಿದ್ದೂ ತಾನೇ.

ಮರುದಿನ ಬೆಳಗ್ಗೆ ವಿಕಾಸ್ ಕಾರು ತಂದ. ಮುಂದೆ ರೇಮಂಡ್, ಹಿಂದೆ ಕಮಲ. ಹುಡುಗರು ಬೈಕುಗಳಲ್ಲಿ ಕಾರ್ಕಳಕ್ಕೇ ಬರುತ್ತಾರೆ ಎಂದ. ಪರ್ಕಳದ ಇಳಿಜಾರು ದಾಟುವವರೆಗೂ ರೇಮಂಡ್ ದೂರಿನ ಮಾತುಗಳನ್ನು ಬಾಯಿಪಾಠ ಮಾಡಿಸುವ ಹಾಗೆ ಹೇಳುತ್ತಿದ್ದರು. ಕಮಲ ಹೂಂಗುಟ್ಟುತ್ತಿದ್ದಳು. ಹಿರಿಯಡಕ ಬಂತು. ಲೊರ್ನಾ ಕಿಟಕಿಗೆ ತಲೆ ಹಾಕಿ ಕಕ್ಕಿದ ತಿರುವು.

"ಗಾಡಿ ನಿಲ್ಸು ವಿಕಾಸ್" ಎಂದಳು.

"ಎಂತ ಆಯ್ತು, ವಾಂತಿಯಾ?"

"ನಿಲ್ಸು ಮಾರಾಯ."

ಕಾರು ಬದಿಗೆ ನಿಂತಿತು. ಮಳೆಯಲ್ಲಿ ವೈಪರ್ ಓಡುತ್ತಲೇ ಇತ್ತು.

"ಪರ್ಬುಗಳೇ, ಪಂಡಿತರು ಕೇಳಿದ್ದರು. ಗದ್ದೆಗೆ ಇಳಿದಿದ್ದಳಾ ಅಂತ ಬಾಯಿಬಿಟ್ಟು ಕೇಳಿದ್ದರು. ನಾನು ಇಲ್ಲ ಅಂದೆ."

ರೇಮಂಡ್ ತಿರುಗಿ ನೋಡಿದರು. "ನಿಮಗೆ ಕೇಳಿದ್ದು ಅರ್ಥ ಆಗಿರ್ಲಿಕ್ಕಿಲ್ಲ."

"ಅರ್ಥ ಆಗಿತ್ತು. ಹೌದು ಅಂದ್ರೆ ಮದ್ದು ಕೊಡುದಿಲ್ಲ, ಆಸ್ಪತ್ರೆಗೆ ಕಳಿಸ್ತಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ಲೊರ್ನಾ ಅದಕ್ಕೂ ಮೊದಲೇ ಆಸ್ಪತ್ರೆಗೆ ಹೋಗ್ತೇನೆ ಅಂದಿದ್ದಳು, ಬೇಡ ಅಂದವಳು ನಾನು. ಗದ್ದೆಗೆ ಕರ್ಕೊಂಡು ಹೋದವಳೂ ನಾನೇ. ಮಾತ್ರೆ ಕೊಟ್ಟಿದ್ರು, ಅದನ್ನೂ ಮಕ್ಕಳಿಗೆ ಕೊಡ್ಲಿಲ್ಲ. ಜೆಸಿಂತಾ ಬಾಯಮ್ಮನಿಗೆ ಫೋನಲ್ಲಿ ಗುಣ ಉಂಟು ಅಂದೆ. ಅದೂ ಸುಳ್ಳು."

"ಯಾಕೆ?" ಎಂದರು ರೇಮಂಡ್. ದನಿ ಏರಿರಲಿಲ್ಲ.

ಕಮಲ ತುಂಬ ಹುಡುಕಿದಳು. ದೊಡ್ಡ ಕಾರಣವೊಂದು ಸಿಕ್ಕಿದ್ದರೆ ಚೆನ್ನಾಗಿತ್ತು. "ಬರಿಗೈಯಲ್ಲಿ ವಾಪಸು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ" ಎಂದಳು.

ರೇಮಂಡ್ ಬಾಗಿಲು ತೆಗೆದು ಮಳೆಗೆ ಇಳಿ‍ದರು. ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ, ಬೆನ್ನು ಹಾಕಿ ನಿಂತರು. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತು. ವಿಕಾಸ್ ಕನ್ನಡಿಯಲ್ಲಿ ಕಮಲಳನ್ನು ಒಮ್ಮೆ ನೋಡಿ ಕಣ್ಣು ತೆಗೆದ. ಸ್ವಲ್ಪ ಹೊತ್ತಿನ ಮೇಲೆ ರೇಮಂಡ್ ಒಳಗೆ ಬಂದು ಕೂತು, "ಹುಡುಗರಿಗೆ ಬರುದು ಬೇಡ ಅಂತ ಹೇಳು. ಗಾಡಿ ತಿರುಗಿಸು" ಎಂದರು.

ಪೀಜಿಯ ಮುಂದೆ ಕಾರು ನಿಂತಾಗ ರೇಮಂಡ್ ಎದುರಿನ ಗಾಜನ್ನೇ ನೋಡುತ್ತ ಹೇಳಿದರು. "ಜೆಸಿಂತಾಳಿಗೆ ನಾನು ಹೇಳ್ತೇನೆ. ನೀವು ಆಸ್ಪತ್ರೆಗೆ ಬರ್ಬೇಡಿ. ನಮ್ಮ ಮನೆಗೂ."

"ಆಯ್ತು" ಎಂದು ಕಮಲ ಇಳಿದಳು. ಕೊಡೆ ಕಾರಿನಲ್ಲೇ ಉಳಿಯಿತು. ಕೇಳಲು ಹೋಗಲಿಲ್ಲ.

ಅಡುಗೆಮನೆಯಲ್ಲಿ ಮಧ್ಯಾಹ್ನದ ಅಕ್ಕಿ ಇನ್ನೂ ತೊಳೆದಿರಲಿಲ್ಲ. ಸೀರೆ ಹಿಂಡಿ, ಒಲೆ ಹಚ್ಚಿದಳು. ವಿಭಾ ಮತ್ತು ಇನ್ನಿಬ್ಬರು ಹುಡುಗಿಯರು ಬಾಗಿಲಿಗೆ ಬಂದು ನಿಂತರು.

"ಇಷ್ಟು ಬೇಗ ಬಂದ್ರಾ? ಪೊಲೀಸರು ಎಂತ ಹೇಳಿದ್ರು? ಆ ಪಂಡಿತನನ್ನು ಹಿಡಿದ್ರಾ?" ಎಂದು ಕೇಳಿದಳು ವಿಭಾ.

"ಪೊಲೀಸರ ಹತ್ತಿರ ಹೋಗ್ಲಿಲ್ಲ" ಎಂದಳು ಕಮಲ. ಅಕ್ಕಿಯ ಪಾತ್ರೆಯನ್ನು ಕೆಳಗಿಟ್ಟು, ಕೈ ಒರೆಸಿಕೊಳ್ಳದೆ, ಅವರ ಕಡೆಗೆ ತಿರುಗಿ ನಿಂತಳು. "ಕೂತುಕೊಳ್ಳಿ. ಉಳಿದವರನ್ನೂ ಕರೀರಿ. ನಿಮಗೆಲ್ಲ ಹೇಳ್ಬೇಕು."

ಎರಡನೇ ಸಲ ಹೇಳುವುದು ಸುಲಭವಿರಬಹುದು ಎಂದುಕೊಂಡಿದ್ದಳು. ಇರಲಿಲ್ಲ.